ಡೋನಮ್ಮನಿಗೆ ಒಂದು ಡೈಲಾಗೂ ಇಲ್ಲ ಕಣ್ರೀ

ಬೆಳಿಗ್ಗೆ ಬೆಳಿಗ್ಗೆ ತಲೆ ಕೆಟ್ಟಿತು. ಯಾರೋ ಶೇರ್ ಮಾಡಿದ್ದ ಚಿತ್ರ. ನೀಲಿ ನಿಲುವಂಗಿ, ತಲೆ ಸುತ್ತ ನಕ್ಷತ್ರ, ಕಾಲ ಬುಡದಲ್ಲಿ ನದಿ. ಕೆಳಗೆ 'ವೇಲ್ಸ್‌ನ ಆದಿಮಾತೆ ಡೋನ್, ಮಕ್ಕಳನ್ನು ಮಡಿಲಲ್ಲಿಟ್ಟು ಕಾಯುವ ಕರುಣಾಮಯಿ'. ಯಾವ ಮಡಿಲು? ಯಾರು ಕಂಡಿದ್ದು?

ನನ್ನ ಪುರಾಣದ ಹುಚ್ಚು ನಿಮಗೆ ಗೊತ್ತಿದ್ದದ್ದೇ. ವೇಲ್ಸ್‌ನ ಹಳೆಯ ಕಥಾಗುಚ್ಛ ಮಬಿನೋಗಿಯ ನಾಲ್ಕನೇ ಕಥೆ ತೆಗೆದು ನೋಡಿ. ಮಾಥ್ ರಾಜ ಯುದ್ಧವಿಲ್ಲದಾಗ ಕನ್ಯೆಯೊಬ್ಬಳ ಮಡಿಲಲ್ಲಿ ಪಾದ ಇಟ್ಟೇ ಬದುಕಬೇಕು. (ಇಡೀ ಕಥೆಯಲ್ಲಿರೋ ಮಡಿಲು ಅದೊಂದೇ ಅಂತ ಕಾಣುತ್ತೆ!) ಡೋನ್‌ಳ ಮಗ ಗಿಲ್ವೈತ್ವಿಗೆ ಆ ಹುಡುಗಿ ಮೇಲೆ ಕಣ್ಣು. ಇನ್ನೊಬ್ಬ ಮಗ ಗ್ವಿಡಿಯನ್, ಮಾಟದ ಕುದುರೆ, ಬೇಟೆನಾಯಿ ಕೊಟ್ಟು ದಕ್ಷಿಣದ ರಾಜ ಪ್ರಡೆರಿಯ ಹಂದಿಗಳನ್ನು ಹೊಡ್ಕೊಂಡು ಬಂದು ಯುದ್ಧ ಹಚ್ಚಿದ. ರಾಜ ಅತ್ತ ಹೋದ, ಇತ್ತ ಅವಳ ಮೇಲೆ ಅತ್ಯಾಚಾರ. ಮಾಥ್ ಈ ಹುಡುಗರ ಸೋದರಮಾವ, ಡೋನ್‌ಳ ಒಡಹುಟ್ಟಿದವನು. ಮಂತ್ರದ ಕೋಲೆತ್ತಿ ಇಬ್ಬರನ್ನೂ ಒಂದು ವರ್ಷ ಜಿಂಕೆ, ಒಂದು ವರ್ಷ ಕಾಡುಹಂದಿ, ಇನ್ನೊಂದು ವರ್ಷ ತೋಳ ಮಾಡಿ ಅಟ್ಟಿದ. ತಾಯಿ? ಸುಳಿವೇ ಇಲ್ಲ. ಮಗಳು ಅರಿಯಾನ್‌ರೋಡ್ ಕನ್ಯೆ ಹೌದೋ ಅಲ್ಲವೋ ಅಂತ ಪರೀಕ್ಷಿಸಲು ಇಟ್ಟ ಅದೇ ಕೋಲು ದಾಟುವಾಗ ತುಂಬಿದ ಸಭೆಯಲ್ಲಿ ಮಗು ಜಾರಿಬಿತ್ತು. ಆಗಲೂ ಇಲ್ಲ. ಬದುಕಿದ್ದಾಳಾ ಸತ್ತಿದ್ದಾಳಾ, ಅದೂ ಹೇಳಲ್ಲ.

ಆದರೆ ಮಕ್ಕಳೆಲ್ಲ 'ಡೋನ್‌ಳ ಮಗ', 'ಡೋನ್‌ಳ ಮಗಳು'. ಕೌಂತೇಯ ಅಂದ ಹಾಗೆ. ಅಪ್ಪನ ಹೆಸರೇ ಇಲ್ಲ. (ನನ್ನ ಇನಿಷಿಯಲ್ಲಿನಲ್ಲಿ ಅಮ್ಮನ ಅಕ್ಷರ ಇಲ್ಲ, ಆ ಸಿಟ್ಟು ಬೇರೆ.) ಕ್ಯಾಸಿಯೋಪಿಯಾ ನಕ್ಷತ್ರಪುಂಜಕ್ಕೆ ವೇಲ್ಸ್‌ನವರು ಡೋನ್‌ಳ ಅರಮನೆ ಅಂತಾರೆ. ಕನ್ನಡದಲ್ಲಿ ಅದೇ ಪುಂಜ ಕುಂತಿ! ಆದರೆ ನಮ್ಮ ಕುಂತಿಗೆ ಮಾತಿದೆ, ತಪ್ಪಿದೆ, ಅಳು ಇದೆ. ಈಕೆಗೆ ಒಂದು ಸಾಲೂ ಇಲ್ಲ.

ಕಾಮೆಂಟಿನಲ್ಲಿ ಒಬ್ಬ ಮಹಾಶಯರು, 'ಐರ್ಲೆಂಡಿನ ದೇವತೆ ದನು, ನಮ್ಮ ದಾನವರ ತಾಯಿ ದನು, ಡ್ಯಾನ್ಯೂಬ್ ನದಿ ಎಲ್ಲಾ ಒಂದೇ ಮೇಡಂ' ಅಂದರು. ವಿದ್ವಾಂಸರಲ್ಲೂ ಈ ವಾದ ಇದೆ, ಒಪ್ಪದವರೂ ಇದ್ದಾರೆ. ಸರಿ, ಒಂದೇ ಅಂತಲೇ ಇಟ್ಕೊಳ್ಳಿ. ಅಷ್ಟಕ್ಕೇ ಆಕೆ ಕರುಣಾಮಯಿ ಆಗಿಬಿಟ್ಟಳಾ? ಬಾಯಿ ಇಲ್ಲದ ಹೆಂಗಸು ಸಿಕ್ಕರೆ ಸಾಕು, ತಾಯ್ತನದ ಬಣ್ಣ ಬಳಿದು ಕೂರಿಸೋದು!

ನಿಜ ಹೇಳ್ತೀನಿ, ಮಕ್ಕಳು ತೋಳವಾಗಿ ಕಾಡಲ್ಲಿ ಊಳಿಡುವಾಗ ಆಕೆ ಏನಂದಳು ಅಂತ ತಿಳ್ಕೊಳ್ಳೋ ಆಸೆ ನನಗೂ ಇದೆ. ಅತ್ತಿರಬಹುದು. ಅಥವಾ ಆ ಕೋಲನ್ನು ಮಾಥ್ ಕೈಗೆ ಕೊಟ್ಟವಳೇ ಅವಳಿರಬಹುದು. ನಾನಾಗಿದ್ದರೆ ಕೊಡ್ತಿದ್ದೆ.