ಹೀಟರ್‌ನ ಸ್ವಿಚ್ಚಿಗೆ ಟೇಪ್ ಸುತ್ತಬೇಡಿ

ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ರೂಮ್ ಹೀಟರನ್ನು ಮಲಗಿಸಿ, ತಳದ ಸ್ವಿಚ್ಚಿಗೆ ಟೇಪ್ ಸುತ್ತಿದರೆ ತಾನಾಗಿ ಆಫ್ ಆಗುವ ಕಾಟ ತಪ್ಪುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಮಡಿಕೇರಿಯ ಜುಲೈ ಕಂಡವರಿಗೆ ಆ ಆಸೆ ಅರ್ಥವಾಗುತ್ತದೆ; ಇಲ್ಲಿ ಜೀನ್ಸ್ ಒಣಗುವುದಕ್ಕೂ ಪುಣ್ಯ ಮಾಡಿರಬೇಕು. ಆದರೆ ಆ ಸ್ವಿಚ್ ಇರುವುದೇ ಹೀಟರ್ ಉರುಳಿದಾಗ ಕರೆಂಟ್ ಕಡಿಯಲು. ಬಹುತೇಕ ಹೀಟರ್‌ಗಳ ಒಳಗೆ ಇನ್ನೊಂದು ಕಾವಲೂ ಇದೆ: ಮಿತಿಮೀರಿ ಕಾದಾಗ ಎರಡು ಲೋಹಗಳ ಪಟ್ಟಿಯೊಂದು ಬಾಗಿ ಸಂಪರ್ಕ ಬಿಡಿಸುತ್ತದೆ. ಗಾಳಿಯ ದಾರಿಗೆ ಒದ್ದೆ ಪಂಚೆ ಬಿದ್ದಾಗ ಮನೆ ಉಳಿಸುವುದು ಅದೇ. ಅದನ್ನೂ ತಂತಿ ಹಾಕಿ ಜೋಡಿಸಿಬಿಡಿ ಎನ್ನುವ ಬುದ್ಧಿವಂತರು ಪ್ರತಿಕ್ರಿಯೆಗಳಲ್ಲಿ ಹುಟ್ಟಿಕೊಂಡಿದ್ದಾರೆ! ಮರದ ಅಟ್ಟವಿರುವ ನಮ್ಮ ಹಳೆಯ ಮನೆಗಳನ್ನು ಅವರು ನೋಡಿಲ್ಲವೇನೋ.

ಮಿತಿಮೀರಿ ಕರೆಂಟ್ ಹರಿದಾಗ ತಾನಾಗಿ ಬೀಳುವ ಸ್ವಿಚ್, ಎಂಸಿಬಿ, ಇದೆಯಲ್ಲ ಎನ್ನಬೇಡಿ. 2000 ವಾಟ್ ಹೀಟರ್ 230 ವೋಲ್ಟಿನಲ್ಲಿ ಎಳೆಯುವುದು ಸುಮಾರು 8.7 ಆಂಪಿಯರ್. ಬಟ್ಟೆ ಹೊತ್ತಿ ಉರಿಯುವಾಗಲೂ ಅಷ್ಟೇ ಎಳೆಯುತ್ತಿದ್ದರೆ 16 ಆಂಪಿಯರಿನ ಎಂಸಿಬಿ ಏಕೆ ಬೀಳಬೇಕು? (6 ಆಂಪಿಯರ್ ಸಾಕೆಟ್ಟಿಗಂತೂ ಈ ಹೀಟರನ್ನು ಚುಚ್ಚಲೇಬಾರದು.)

ಒಲೆಯ ಮೇಲೆ ಒಣಗಿಸಿದರೆ ಹೊಗೆಯ ವಾಸನೆ, ಒಪ್ಪುತ್ತೇನೆ. ಮುಚ್ಚಿದ ಕೋಣೆಯಲ್ಲಿ ತೇವ ಹೀರುವ ಡಿಹ್ಯೂಮಿಡಿಫೈಯರ್ ಇಟ್ಟು ಫ್ಯಾನ್ ಹಾಕಿ. ನಿಧಾನ, ಆದರೆ ಒಣಗುತ್ತದೆ. ಟೇಪಿನ ಸಲಹೆಯನ್ನು ದಯವಿಟ್ಟು ಇಂದೇ ಲೇಖನದಿಂದ ತೆಗೆಯಿರಿ.