ಹೆದರಿಕೆ ಇದ್ದದ್ದು ಬ್ಯಾಂಕಿನದು

ಹೆಣ್ಣು ಎಂಬುದನ್ನು ಮುಚ್ಚಿಡಲು ಅಮೆರಿಕದ ಕಥೆಗಾರ್ತಿ ಕ್ಯಾಥರೀನ್ ಮೂರ್ ‘ಸಿ. ಎಲ್. ಮೂರ್’ ಆದರು ಎಂದು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಆಗ ಅವರು ಇಂಡಿಯಾನಾಪೊಲಿಸ್‌ನ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದರು. 1933, ಕೆಲಸ ಸಿಗುವುದೇ ಕಷ್ಟವಾಗಿದ್ದ ಕಾಲ. ಕಥೆಯಿಂದಲೂ ದುಡ್ಡು ಬರುತ್ತದೆಂದು ಗೊತ್ತಾದರೆ ಮನೆಗೆ ಕಳಿಸುತ್ತಾರೇನೋ ಎಂಬ ಭಯ. ಕಾರಣ ಇದೇ ಎಂದು ಅವರೇ ಹೇಳಿದ್ದಾರೆ. ಓದುಗರು ಗಂಡಸೆಂದುಕೊಂಡದ್ದು ನಿಜ. ಲೇಖಕ ಹೆನ್ರಿ ಕಟ್ನರ್ ಕೂಡ ಹಾಗೆಯೇ ತಿಳಿದು ಪತ್ರ ಬರೆದರು, 1940ರಲ್ಲಿ ಅವರನ್ನೇ ಮದುವೆಯಾದರು!

ಮೂರ್ ಅವರ ನಾಯಕಿ ಜಿರೆಲ್‌ಳ 1934ರ ಕಥೆಯ ಶುರುವನ್ನೇ ನೋಡಿ. ಸೋತ ಕೋಟೆಯ ಸೇನಾಪತಿಯನ್ನು ಗೆದ್ದವನ ಮುಂದೆ ಎಳೆದು ತರುತ್ತಾರೆ. ಶಿರಸ್ತ್ರಾಣ ತೆಗೆದರೆ ಒಳಗೆ ಕೆಂಪು ಕೂದಲಿನ ಹೆಣ್ಣು, ಕಣ್ಣಲ್ಲಿ ಕಿಡಿ. ಹೆಣ್ತನ ಬಚ್ಚಿಡುವವರು ಹೀಗೆ ಬರೀತಾರಾ?