ಉಭಯ ಅಕುಶಲೋಪರಿ

ಕನಿಷ್ಠ ವೇತನದ ಪಟ್ಟಿಯನ್ನು ನೀವೂ ನೋಡಿರುತ್ತೀರಿ. ಪೇಪರಿನಲ್ಲಿ ಬರುತ್ತದೆ, ಆಮೇಲೆ ಕಾರ್ಖಾನೆ ಗೇಟಿನ ಪಕ್ಕ ಬಿಸಿಲಿಗೆ ಹಳದಿಯಾಗಿ ನೇತಾಡುತ್ತದೆ. ದುಡಿಯುವ ಜನರನ್ನೆಲ್ಲ ಅದರಲ್ಲಿ ನಾಲ್ಕು ಖಾನೆಗೆ ತುಂಬಿದ್ದಾರೆ: ಅತಿ ಕುಶಲ, ಕುಶಲ, ಅರೆ ಕುಶಲ, ಅಕುಶಲ. ಏನೇ ಹೇಳಿ, ನಾಲ್ಕು ಎಂಬ ಸಂಖ್ಯೆಯ ಮೇಲೆ ನಮಗಿರುವ ಮೋಹ ಬಹಳ ಹಳೆಯದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ವೇತನ ಸಂಹಿತೆ ಹಳೆಯ ಕಾಯ್ದೆಗಳನ್ನೆಲ್ಲ ಗುಡಿಸಿ ಹೊರಗೆ ಹಾಕಿತು. ಈ ನಾಲ್ಕನ್ನು ಮಾತ್ರ ಜೋಪಾನವಾಗಿ ಎತ್ತಿಟ್ಟುಕೊಂಡಿತು.

ನನ್ನ ತಕರಾರು ದುಡ್ಡಿನದ್ದಲ್ಲ. (ಅದೂ ಇದೆ, ಆಮೇಲೆ.) ಸದ್ಯಕ್ಕೆ ಪದದ್ದು.

ಕುಶಲ ಅಂದರೆ ಯಾರು? ಸಂಸ್ಕೃತ ಪಂಡಿತರ ಹಳೆಯ ವಿವರಣೆ ಹೀಗಿದೆ: ಕುಶವನ್ನು, ಅಂದರೆ ದರ್ಭೆಯನ್ನು, ಕೈ ಕೊಯ್ದುಕೊಳ್ಳದೆ ತರಬಲ್ಲವನೇ ಕುಶಲ. ದರ್ಭೆಯ ಅಂಚು ಎಷ್ಟು ಹರಿತ ಅನ್ನುವುದು ತಿಥಿ ಮಾಡಿದವರಿಗೆಲ್ಲ ಗೊತ್ತು. ಅಲಂಕಾರಶಾಸ್ತ್ರದವರು ಲಕ್ಷಣೆಯ, ಅಂದರೆ ಪದ ತನ್ನ ನೇರ ಅರ್ಥ ಬಿಟ್ಟು ಬೇರೆ ಅರ್ಥ ಕೊಡುವುದರ, ಪಾಠದಲ್ಲಿ ಈ ಒಂದು ಪದವನ್ನು ಹಿಡಿದುಕೊಂಡು ಸಾಕಷ್ಟು ಜಗ್ಗಾಡಿದ್ದಾರೆ. ಹಾಗಾದರೆ ಈ ಭೂಮಿಯ ಮೊಟ್ಟಮೊದಲ ಕುಶಲಕರ್ಮಿ ಹುಲ್ಲು ಕೊಯ್ಯುವವನು. ಈಗ ಸರ್ಕಾರದ ಪಟ್ಟಿಯಲ್ಲಿ ಅವನೆಲ್ಲಿದ್ದಾನೆ ಹುಡುಕಿ. ಕಣ್ಣು ಮೇಲಿನಿಂದ ಶುರು ಮಾಡಬೇಡಿ, ಸುಮ್ಮನೆ ಹೊತ್ತು ಹಾಳು.

ಹೋದ ಮಳೆಗಾಲದಲ್ಲಿ ನಾನೂ ಈ ಅಕುಶಲ ಕೆಲಸಕ್ಕೆ ಕೈ ಹಾಕಿದೆ. ಮನೆ ಪಕ್ಕದ ಖಾಲಿ ಜಾಗದಲ್ಲಿ ಹುಲ್ಲು ಸೊಂಟದೆತ್ತರ. ಎಂ.ಎ. ಓದಿದವನಿಗೆ ಇದ್ಯಾವ ಮಹಾ ಅಂತ ಕುಡುಗೋಲು ತಂದೆ. ನಾಲ್ಕನೇ ಹಿಡಿಗೆ ಹುಲ್ಲಿನ ಬದಲು ಎಡಗೈ ತೋರುಬೆರಳು ಸಿಕ್ಕಿತು. ಮೂರು ಹೊಲಿಗೆ. ಹಾಕಿದವರು ಅತಿ ಕುಶಲರು, ಬಿಲ್ಲೂ ಅದಕ್ಕೆ ತಕ್ಕ ಹಾಗೆ. ಮಾರನೇ ದಿನ ಬಂದ ಹೆಂಗಸು ಎಲೆಅಡಿಕೆ ಜಗಿಯುತ್ತ, ಮೊಬೈಲನ್ನು ಕುಪ್ಪಸಕ್ಕೆ ಸಿಕ್ಕಿಸಿ ಮಗಳ ಜೊತೆ ಮಾತಾಡುತ್ತ, ಮಧ್ಯಾಹ್ನದೊಳಗೆ ಜಾಗವನ್ನು ಬೋಳಿಸಿದ ತಲೆಯಂತೆ ಮಾಡಿಟ್ಟಳು. ನಡುವೆ ಒಂದು ಕೇರೆಹಾವನ್ನು ಕುಡುಗೋಲಿನ ಹಿಂಬದಿಯಿಂದ ಮೆಲ್ಲಗೆ ಆಚೆ ತಳ್ಳಿದಳು, ಮಾತು ನಿಲ್ಲಿಸದೆ.

ಹಿಂದೆ ಕಾಗದ ಬರೆಯುವಾಗ ತಲೆಯ ಮೇಲೆ ‘ಉಭಯ ಕುಶಲೋಪರಿ ಸಾಂಪ್ರತ’ ಅಂತ ಹಾಕುತ್ತಿದ್ದೆವು. ಸೋಮಾರಿಗಳು ಬರೀ ‘ಉ.ಕು.ಸಾಂ.’ ಅಂತ ಗೀಚಿ ನೇರವಾಗಿ ದುಡ್ಡು ಕೇಳುತ್ತಿದ್ದರು. ಅಲ್ಲಿ ಕುಶಲ ಅಂದರೆ ಕ್ಷೇಮ. ಆ ಲೆಕ್ಕದಲ್ಲಿ ಅಕುಶಲ ಕಾರ್ಮಿಕ ಅಂದರೆ ಕ್ಷೇಮವಾಗಿಲ್ಲದ ಕಾರ್ಮಿಕ. ಪಟ್ಟಿ ಬರೆದ ಗುಮಾಸ್ತ ತನಗೇ ತಿಳಿಯದೆ ಒಂದು ಸತ್ಯ ಬರೆದುಬಿಟ್ಟಿದ್ದಾನೆ. ಇನ್ನು ಕರಾವಳಿಯಲ್ಲಿ ಕುಶಾಲು ಅಂದರೆ ತಮಾಷೆ. ಅದು ಪಾರ್ಸಿಯಿಂದ ಬಂದದ್ದು, ಸಂಬಂಧವಿಲ್ಲ. ಆದರೂ ಪಟ್ಟಿ ನೋಡಿದರೆ ಸಂಬಂಧ ಇದ್ದರೂ ಇರಬಹುದು ಅನ್ನಿಸುತ್ತದೆ.

ಶಿರಸಿ, ಸಿದ್ದಾಪುರದ ಕಡೆಗೆ ಹೋಗಿ ಅಡಿಕೆ ತೋಟದವರ ಮುಂದೆ ಕೊನೆಗೌಡನನ್ನು, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವನನ್ನು, ‘ಅಕುಶಲ’ ಅನ್ನಿ ನೋಡೋಣ. ಕೊಯ್ಲಿನ ಕಾಲದಲ್ಲಿ ಅವನು ದೇವರಿಗಿಂತ ಒಂದೇ ಮೆಟ್ಟಿಲು ಕೆಳಗೆ. ಕಾಲಿಗೆ ತಳೆ ಹಾಕಿ ಮರ ಹತ್ತಿ, ಕೊನೆ ಕೊಯ್ದು, ಕೆಳಗೆ ನೇಣಿ (ಹಗ್ಗ) ಹಿಡಿದವನ ಕೈಗೆ ಜಾರಿಸಿ, ಇಳಿಯುವ ಗೋಜಿಗೇ ಹೋಗದೆ ಮರವನ್ನು ತೂಗಿ ತೂಗಿ ಪಕ್ಕದ ಮರಕ್ಕೆ ದಾಟುತ್ತಾನೆ. ಬಿಎಸ್ಸಿ ಅಗ್ರಿ ಮಾಡಿದ ಯಜಮಾನ ಕೆಳಗೆ ಕತ್ತೆತ್ತಿ ನಿಂತು ‘ಚಾ ಕುಡಿದು ಹತ್ತೋ ಮಾರಾಯಾ’ ಅಂತ ಗೋಗರೆಯುತ್ತಿರುತ್ತಾನೆ. ಅವನು ಬಾರದ ವರ್ಷ ಅಡಿಕೆ ಮರದಲ್ಲೇ ಹಣ್ಣಾಗಿ ಉದುರುತ್ತದೆ. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ಅದರ ಬೆಲೆಗೆ ಒಂದು ಸೆಕೆಂಡ್‌ಹ್ಯಾಂಡ್ ಬೈಕು ಬರುತ್ತದೆ, ಮತ್ತು ಅದನ್ನು ಎತ್ತಿ ಹಿಡಿಯಲು ಕತ್ತು, ರಟ್ಟೆ ಗಟ್ಟಿಯಿರುವ ಇನ್ನೊಬ್ಬ ಅಕುಶಲ ಬೇಕು.

ನಮ್ಮಲ್ಲಿ ಕಸುಬು ಅಂತ ಒಂದು ಪದ ಇತ್ತು. ಅರಬ್ಬಿಯಿಂದ ಬಂದು ನಮ್ಮದೇ ಆದದ್ದು. ‘ಕಸುಬುದಾರ’ ಅಂದರೆ ಸಾಕು, ಅವನಿಗೆ ಯಾವ ಖಾನೆ ಅಂತ ಯಾರೂ ಕೇಳುತ್ತಿರಲಿಲ್ಲ. (ಅದಕ್ಕೆ ಮುಂದೆ ‘ಕುಲ’ ಅಂಟಿಸಿ ಮಗನಿಗೆ ಬೇರೆ ದಾರಿಯೇ ಇಲ್ಲದಂತೆ ಮಾಡಿದ್ದೂ ನಾವೇ, ಹಳೆಯದನ್ನೆಲ್ಲ ಹೊಗಳುವ ಚಟ ನನಗಿಲ್ಲ.) ಈಗ ಕಸುಬು ಹೋಗಿ ಕೌಶಲ್ಯ ಬಂದಿದೆ. ಇಲಾಖೆ ಬಂದಿದೆ. ಬ್ಯಾನರಿನಲ್ಲಿ ಅದನ್ನು ‘ಕೌಸಲ್ಯಾಭಿವೃದ್ಧಿ’ ಅಂತ ಬರೆದು ಶ್ರೀರಾಮನ ತಾಯಿಯನ್ನು ಅಭಿವೃದ್ಧಿಪಡಿಸುವವರೂ ಇದ್ದಾರೆ.

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಉಪಕರಣಕ್ಕೆ 15 ಸಾವಿರ ಕೊಡುತ್ತಾರೆ, ಸಾಲ ಕೊಡುತ್ತಾರೆ, ಒಳ್ಳೆಯದೇ. ಜೊತೆಗೆ ಐದರಿಂದ ಏಳು ದಿನದ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ. ಐವತ್ತು ವರ್ಷ ತಿಗರಿ ತಿರುಗಿಸಿದ ಕುಂಬಾರಜ್ಜನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮಣ್ಣಿನ ಬಗ್ಗೆ ಪವರ್‌ಪಾಯಿಂಟ್ ತೋರಿಸುವ ಚಿತ್ರ ನನ್ನ ತಲೆಯಿಂದ ಹೋಗುತ್ತಿಲ್ಲ. ಕೌಶಲ ವಿಕಾಸದ ಇನ್ನೊಂದು ಯೋಜನೆಯ ಲೆಕ್ಕ ಬಿಚ್ಚಿದ ಸಿಎಜಿ, ಅಂದರೆ ಸರ್ಕಾರದ ಲೆಕ್ಕ ತಪಾಸಣೆಯವರು, ಹೇಳಿದ್ದನ್ನು ನೀವು ಓದಿರಬಹುದು: ಅಭ್ಯರ್ಥಿಗಳ ಬ್ಯಾಂಕ್ ಖಾತೆ ಸಂಖ್ಯೆ ಇರಬೇಕಾದ ಕಡೆ ಸೊನ್ನೆ, ಖಾಲಿ, ಕೆಲವು ಕಡೆ 11111111111. ಒಂದನ್ನೇ ಸಾಲಾಗಿ ಒತ್ತಿದ ಆ ಬೆರಳು ಯಾವ ಖಾನೆಗೆ ಸೇರಬೇಕು? ನನ್ನ ಪ್ರಕಾರ ಅತಿ ಕುಶಲ. ಒಂದು ಹೊಲಿಗೆಯೂ ಬಿದ್ದಿಲ್ಲ.

2005ರ ಉದ್ಯೋಗ ಖಾತ್ರಿ ಕಾಯ್ದೆಯಂತೂ ‘ಅಕುಶಲ ದೈಹಿಕ ಕೆಲಸ’ ಮಾಡಲು ಒಪ್ಪುವವರಿಗೇ ಮೀಸಲಾಗಿತ್ತು. ರಾಗಿ ಪೈರಿನ ನಡುವೆ ರಾಗಿಯಂತೆಯೇ ಕಾಣುವ ಕಳೆಯನ್ನು ಬಗ್ಗಿದ ಬಾಗಿನಲ್ಲೇ ಗುರುತಿಸುವವಳು, ಇಳಿಜಾರನ್ನು ಕಣ್ಣಳತೆಯಲ್ಲೇ ನೋಡಿ ಬದು ಎಲ್ಲಿ ನಿಲ್ಲುತ್ತದೆ ಅಂತ ಹೇಳುವವನು, ಎಲ್ಲರೂ ಅಕುಶಲರು. ಕರ್ನಾಟಕದಲ್ಲಿ 2025ರ ದರ ದಿನಕ್ಕೆ 370 ರೂಪಾಯಿ.

ಮ್ಯಾನ್‌ಹೋಲಿಗೆ ಇಳಿಯುವವನೂ ಅದೇ ಖಾನೆ. ಮುಚ್ಚಳ ತೆಗೆದು ಎಷ್ಟು ಹೊತ್ತು ಬಿಡಬೇಕು, ವಾಸನೆ ಬಾರದಿದ್ದರೂ ಒಳಗಿನ ಗಾಳಿ ಕೊಲ್ಲುತ್ತದೆ ಅನ್ನುವುದು ಅವನಿಗೆ ಗೊತ್ತು. ಇಳಿಸಿದ ಕಂಟ್ರಾಕ್ಟರನಿಗೆ ಗೊತ್ತಿಲ್ಲ, ಅಥವಾ ಬೇಕಿಲ್ಲ. ರಕ್ಷಣಾ ಸಾಧನವಿಲ್ಲದೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಇಳಿಸುತ್ತಾರೆ. ಸಾಯುತ್ತಾರೆ. ಎತ್ತಲು ಇಳಿದ ಎರಡನೆಯವನೂ ಸಾಯುತ್ತಾನೆ. ಪೇಪರಿನಲ್ಲಿ ಎರಡು ಸಾಲು ಬರುತ್ತದೆ. ಇದರಲ್ಲಿ ಏನು ತಮಾಷೆ ಮಾಡಲಿ ಹೇಳಿ? ಅಕುಶಲ ಅನ್ನುವುದು ಕೆಲಸದ ವರ್ಣನೆಯಲ್ಲ, ಕಡಿಮೆ ಕೊಡಲು ಹುಡುಕಿಕೊಂಡ ನೆಪ. ಅಷ್ಟೇ.

ಹುಲ್ಲು ಕೊಯ್ದ ಆ ಹೆಂಗಸಿಗೆ ಐನೂರು ಕೊಟ್ಟೆ. ಆರು ನೂರು ಅಂದಳು. ಒಂದು ಗಳಿಗೆ ನಾನೂ ಪಟ್ಟಿಯ ಮುಖ ಮಾಡಿದೆನೇನೋ, ನನ್ನ ಬೆರಳಿನ ಪಟ್ಟಿಯನ್ನೇ ನೋಡುತ್ತ ನಿಂತಳು. ಕೊಟ್ಟೆ. ಮುಂದಿನ ತಿಂಗಳು ಇದೇ ಹೊತ್ತಿಗೆ ಬಾ ಅಂದೆ. ‘ಆಗಕಿಲ್ಲ, ನಾಟಿ ಐತೆ, ಯಾರನ್ನಾರ ನೋಡ್ಕಳಿ’ ಅಂತ ಕುಡುಗೋಲನ್ನು ಚೀಲಕ್ಕೆ ಸುತ್ತಿಕೊಂಡು ಹೊರಟಳು. ಹುಲ್ಲು ಈಗ ಮತ್ತೆ ಮೊಣಕಾಲಿಗೆ ಬಂದಿದೆ.